ನಾಲ್ವಡಿ ಕೃಷ್ಣರಾಜ ಒಡೆಯರು: ಮಾದರಿ ಸಂಸ್ಥಾನಕ್ಕೆ ತುರುವನೂರು ಒಡ್ಡಿದ ಪ್ರಶ್ನೆ

ಮೈಸೂರು ಅರಸರ ಪೈಕಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಲ್ಲುವ ಗೌರವ ಬೇರೆ ಯಾರಿಗೂ ಸಂದಿಲ್ಲ. ಅಣೆಕಟ್ಟು, ವಿದ್ಯುತ್ತು, ವಿಶ್ವವಿದ್ಯಾಲಯ, ಮೀಸಲಾತಿ ಎಂಬ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಆದರೂ ಅವರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದು ಸರ್ಕಾರದ ಕಾನೂನನ್ನು ಮುರಿದರು. ಪ್ರಜಾವತ್ಸಲನೆನಿಸಿದ ಅರಸನ ವಿರುದ್ಧ ಪ್ರಜೆಗಳೇ ಸತ್ಯಾಗ್ರಹಕ್ಕಿಳಿದದ್ದು ಏಕೆ?

ಕಥೆ 1881ರಿಂದ ಆರಂಭವಾಗುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬಾಂಬ್ ದಾಳಿಗೆ ಬಲಿಯಾದ. 1861ರಲ್ಲಿ ಜೀತ ರೈತರನ್ನು ಬಿಡುಗಡೆ ಮಾಡಿದ್ದ ಆತ, ಕಾನೂನು ರಚನೆಯ ಸಮಾಲೋಚನೆಗೆ ಚುನಾಯಿತರನ್ನು ಸೇರಿಸಿಕೊಳ್ಳುವ ಯೋಜನೆಗೆ ಅದೇ ದಿನ ಬೆಳಿಗ್ಗೆ ಒಪ್ಪಿಗೆ ನೀಡಿದ್ದ. ಮಗ ಮೂರನೆಯ ಅಲೆಕ್ಸಾಂಡರ್ ಅದನ್ನು ಕೈಬಿಟ್ಟ. ಅದೇ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ಅಕ್ಟೋಬರ್ 7ರಂದು 144 ಮಂದಿ ರೈತರು ಹಾಗೂ ವರ್ತಕರ ಪ್ರಜಾಪ್ರತಿನಿಧಿ ಸಭೆ ಸೇರಿತು. ಸಭೆಗೆ ಅಹವಾಲು ಹೇಳುವ ಹಕ್ಕಿತ್ತು, ತೀರ್ಮಾನಿಸುವ ಅಧಿಕಾರವಿರಲಿಲ್ಲ.

ಚಾಮರಾಜೇಂದ್ರರ ಹಿರಿಯ ಮಗ ಕೃಷ್ಣರಾಜರು ಜನಿಸಿದ್ದು 1884ರ ಜೂನ್ 4ರಂದು. 1894ರ ಡಿಸೆಂಬರ್‌ನಲ್ಲಿ ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಲಾದ, 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಜಲಾಶಯಕ್ಕೆ ಆ ತಾಯಿಯ ಹೆಸರೇ ಉಳಿದಿದೆ. ಬಯಲುಸೀಮೆಗೆ ಅರಮನೆಯ ಆಡಳಿತ ನೀಡಿದ ದೊಡ್ಡ ಕೊಡುಗೆ ಅದು.

1902ರ ಆಗಸ್ಟ್ 8ರಂದು ಕೃಷ್ಣರಾಜರು ಪೂರ್ಣಾಧಿಕಾರ ವಹಿಸಿಕೊಂಡರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹಿಂದುಳಿದವರಿಗೆ ಸರ್ಕಾರಿ ಉದ್ಯೋಗ ದೊರಕಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಅಧಿಕಾರ ಬಿಟ್ಟರು. ಮಹಾರಾಜರು ತಮ್ಮ ನಿಲುವು ಬದಲಿಸಲಿಲ್ಲ.

ರಾಜಕೀಯ ಸುಧಾರಣೆಯೂ ನಡೆಯಿತು, ಆದರೆ ಅಳೆದು ಸುರಿದಂತೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಬ್ರಜೇಂದ್ರನಾಥ ಶೀಲ್ ಸಮಿತಿಯ ವರದಿಯನ್ನು ಅನುಸರಿಸಿ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಹೊಸ ತೆರಿಗೆ ಮತ್ತು ಕಾನೂನುಗಳ ಬಗ್ಗೆ ಸಭೆಯ ಅಭಿಪ್ರಾಯ ಪಡೆಯಬೇಕೆಂಬ ನಿಯಮ ಬಂತು. ಆದರೆ ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೇ ಹೊರತು ಸಭೆಗಲ್ಲ. ಮಹಾರಾಜರ ಮೇಲೆಯೂ ಬ್ರಿಟಿಷ್ ರೆಸಿಡೆಂಟರ ಕಣ್ಣಿತ್ತು.

1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೈಗಾರಿಕೆಗಳು ಬೆಳೆದವು, ಜೊತೆಗೆ ಅಸಮಾಧಾನವೂ ಬೆಳೆಯಿತು. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗಿನೊಂದಿಗೆ ಮೈಸೂರು ಕಾಂಗ್ರೆಸ್ 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧವನ್ನು ಲೆಕ್ಕಿಸದೆ ಧ್ವಜ ಹಾರಿಸಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಮಾದರಿ ಸಂಸ್ಥಾನವೆಂಬ ಹೆಸರಿಗೆ ಅದು ಮಾಸದ ಕಲೆ. ಸರ್ದಾರ್ ಪಟೇಲರು ಬಂದು ಮಿರ್ಜಾ ಅವರೊಡನೆ ಮಾತುಕತೆ ನಡೆಸಿದ ಮೇಲೆ ಧ್ವಜದ ವಿವಾದ ತಣ್ಣಗಾಯಿತು. ಅಧಿಕಾರ ಯಾರದೆಂಬ ಮೂಲ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

1939ರಲ್ಲಿ ಆ ಪ್ರಶ್ನೆ ತುರುವನೂರಿಗೆ ಬಂತು. ಈಚಲು ಮರದ ಹೆಂಡದಿಂದ ಸರ್ಕಾರಕ್ಕೆ ಅಬಕಾರಿ ಆದಾಯವಿತ್ತು. ಬಡವರ ಮನೆ ಹಾಳಾಗುತ್ತಿದ್ದುದೂ ಅದೇ ಹೆಂಡದಿಂದ. ಹೀಗಾಗಿ ಮರ ಕಡಿಯುವುದು ಪಾನವಿರೋಧವೂ ಆಯಿತು, ಅರಣ್ಯ ಕಾನೂನಿನ ಭಂಗವೂ ಆಯಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ ಮುಂದಾಳತ್ವ ವಹಿಸಿ ಸೆರೆಮನೆ ಸೇರಿದರು, ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಮಾಯಕೊಂಡದಲ್ಲಿ ಬಳ್ಳಾರಿ ಸಿದ್ದಮ್ಮ ಇದೇ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದರು.

ಅದೇ ವರ್ಷ ಪ್ರಕಟವಾದ ಸುಧಾರಣೆಗಳಲ್ಲಿ ಜವಾಬ್ದಾರಿ ಸರ್ಕಾರದ ಭರವಸೆ ಇರಲಿಲ್ಲ. 1940ರ ಮಾರ್ಚ್‌ನಲ್ಲಿ ತಮ್ಮ ಯುವರಾಜ ನರಸಿಂಹರಾಜರನ್ನು ಕಳೆದುಕೊಂಡ ಮಹಾರಾಜರು ಆಗಸ್ಟ್ 3ರಂದು ತಾವೂ ಕಣ್ಮುಚ್ಚಿದರು. ಮಕ್ಕಳಿಲ್ಲದ ಅವರ ಸಿಂಹಾಸನ ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ ಬಂತು. ಮೈಸೂರು ಚಲೋ ಚಳವಳಿಯ ನಂತರ 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಸಂಪುಟ ಅಧಿಕಾರಕ್ಕೇರಿತು. ತುರುವನೂರಿನ ಸತ್ಯಾಗ್ರಹಿ ನಿಜಲಿಂಗಪ್ಪ 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಅಂದು ಅದೇ ರಾಜ್ಯದ ರಾಜ್ಯಪಾಲರಾದವರು ಜಯಚಾಮರಾಜ ಒಡೆಯರು.

ರಷ್ಯಾದಲ್ಲಿ ಅರಸೊತ್ತಿಗೆಯ ಕೊನೆ ರಕ್ತದಲ್ಲಿ ಆಯಿತು. ಮೈಸೂರಿನಲ್ಲಿ ಅರಮನೆಯೂ ಚಳವಳಿಯೂ ಒಂದೇ ವೇದಿಕೆಗೆ ಬಂದು ನಿಂತವು. ನಾಲ್ವಡಿಯವರು ಕಟ್ಟಿದ ಶಾಲೆ, ಕಾಲೇಜು, ಸಭೆಗಳು ಪ್ರಶ್ನೆ ಕೇಳುವ ಪ್ರಜೆಗಳನ್ನು ರೂಪಿಸಿದವು. ಆ ಪ್ರಜೆಗಳು ಕೇಳಿದ್ದನ್ನು ಕೊಡುವ ಹೆಜ್ಜೆಯನ್ನು ಮಾತ್ರ ಅವರ ಕಾಲ ಇಡಲಿಲ್ಲ. ಅವರ ಹಿರಿಮೆಯನ್ನು ನೆನೆಯುವಾಗ ಕನ್ನಂಬಾಡಿಯ ಜೊತೆಗೆ ತುರುವನೂರನ್ನೂ ನೆನೆಯುವುದು ಇತಿಹಾಸಕ್ಕೆ ಸಲ್ಲಿಸುವ ನ್ಯಾಯ.