ಖಾಸಿಂ ರಜ್ವಿ: ಸರ್ಕಾರದ ನೆರಳಲ್ಲಿ ಬೆಳೆದ ಪಡೆಯ ನಾಯಕ

ಗೊರೇಬಾಳ: ರಾಯಚೂರು ಜಿಲ್ಲೆಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಜನರನ್ನು ನಡುಗಿಸಿದ ಹೆಸರು ಖಾಸಿಂ ರಜ್ವಿ. ಅಲಿಗಢದಲ್ಲಿ ಓದಿ, ಲಾತೂರಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದ ಅವರು 1946ರಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಅಧ್ಯಕ್ಷರಾದರು.

ಅವರ ಮುಂದಾಳತ್ವದ ರಜಾಕಾರರು ಹೆಸರಿಗೆ ಸ್ವಯಂಸೇವಕರು. ಆದರೆ ಹಳ್ಳಿಗಳಲ್ಲಿ ಲೂಟಿ, ಕೊಲೆಗಳು ನಡೆದರೂ ಸರ್ಕಾರ ತಡೆಯಲಿಲ್ಲ. 1947ರ ಅಕ್ಟೋಬರ್‌ನಲ್ಲಿ ರಜ್ವಿ ಬೆಂಬಲಿಗರು ದೆಹಲಿಗೆ ಹೊರಟಿದ್ದ ಸಂಧಾನಕಾರರ ಮನೆಗಳನ್ನೇ ಮುತ್ತಿದರು. ಪ್ರಧಾನಿ ಛತಾರಿ ನವಾಬರು ಹುದ್ದೆ ತೊರೆದರು. ಸಾಕಿದವರನ್ನೇ ಪಡೆ ಆಳತೊಡಗಿತು.

1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾಗಿ, ರಜಾಕಾರರನ್ನು ನಿಷೇಧಿಸಿದರು. ಸೆರೆಯಾದ ರಜ್ವಿ 1957ರಲ್ಲಿ ಬಿಡುಗಡೆಗೊಂಡು ಪಾಕಿಸ್ತಾನಕ್ಕೆ ತೆರಳಿದರು; 1970ರಲ್ಲಿ ಕರಾಚಿಯಲ್ಲಿ ನಿಧನರಾದರು. ಅವರು ಜೈಲಿನಲ್ಲಿದ್ದ ಕಾಲದಲ್ಲೇ, 1950ರಿಂದ 1956ರವರೆಗೆ, ನಿಜಾಮರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು.