ಜಾನ್ ವೆಸ್ಲಿಯವರೂ ಅವರ ಮಿತಾಹಾರವೂ

ಬೂದಿ ಬುಧವಾರದಿಂದ ಮೊದಲುಗೊಂಡು ಲೆಂಟಿನ ನಾಲ್ವತ್ತು ದಿನಗಳಲ್ಲಿ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಮಾಂಸದ ಅಡಿಗೆಯು ನಿಲ್ಲುವುದು. ಕೆಲವರು ಚಹವನ್ನೂ ಕೆಲವರು ಸಿಹಿತಿಂಡಿಯನ್ನೂ ಬಿಡುವರು. ಬಿಟ್ಟದ್ದು ಏತಕ್ಕೆ, ಉಳಿದದ್ದು ಯಾರಿಗೆ ಎಂದು ಕೇಳಿಕೊಳ್ಳುವವರಾದರೋ ವಿರಳ. ಬೀದರ, ಹುಮನಾಬಾದ ಪ್ರಾಂತದ ಮೆಥೋಡಿಸ್ಟ್ ಸಭೆಗಳಿಗೆ ಮೂಲಪುರುಷರಾದ ಜಾನ್ ವೆಸ್ಲಿಯವರು ಈ ಪ್ರಶ್ನೆಯನ್ನು ಜೀವಮಾನವೆಲ್ಲ ತಮಗೆ ತಾವೇ ಹಾಕಿಕೊಂಡವರು. ಆದಕಾರಣ ಅವರ ಜೀವಿತವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಸಂಕ್ಷೇಪವಾಗಿ ಇಡಲಿಚ್ಛಿಸುತ್ತೇವೆ.

ವೆಸ್ಲಿಯವರು ೧೭೦೩ರಲ್ಲಿ ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನಲ್ಲಿ ಬಡ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ತಾಯಿ ಸುಸನ್ನಾ ಮನೆಯನ್ನೇ ಪಾಠಶಾಲೆಯನ್ನಾಗಿ ಮಾಡಿದ್ದಳು. ಹೆಣ್ಣುಮಗುವು ಚೆನ್ನಾಗಿ ಓದಲು ಕಲಿಯುವ ತನಕ ಅದನ್ನು ಮನೆಗೆಲಸಕ್ಕೆ ಹಚ್ಚಬಾರದೆಂಬುದು ಆಕೆಯ ಕಟ್ಟುನಿಟ್ಟಾದ ನಿಯಮ. ೧೭೧೪ರಲ್ಲಿ ಬಾಲಕನು ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯನ್ನು ಸೇರಿದನು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ಪಾಲಿನ ಮಾಂಸವನ್ನು ಕಸಿದುಕೊಳ್ಳುತ್ತಿದ್ದುದರಿಂದ ಕೆಲವು ವರ್ಷ ರೊಟ್ಟಿಯೇ ಅವನಿಗೆ ಮುಖ್ಯ ಆಹಾರವಾಗಿದ್ದಿತು. ಹೀಗೆ ಇತರರು ಕಸಿದುಕೊಂಡದ್ದರಿಂದ ಬಂದ ಕೊರತೆಯು ಎಂಥದೆಂಬುದನ್ನು, ತಾವಾಗಿ ತ್ಯಜಿಸುವುದಕ್ಕೆ ಬಹು ಮೊದಲೇ, ಅವರು ಬಲ್ಲವರಾದರು.

ಆಕ್ಸ್‌ಫರ್ಡಿನಲ್ಲಿ ೧೭೨೯ರಿಂದ ಅವರೂ ತಮ್ಮ ಚಾರ್ಲ್ಸ್‌ನೂ ಕೆಲವು ಮಿತ್ರರೂ ಕೂಡಿ ನಿಯಮಬದ್ಧವಾಗಿ ಪ್ರಾರ್ಥಿಸುತ್ತ, ಸೆರೆಮನೆಗಳನ್ನು ಸಂದರ್ಶಿಸುತ್ತ, ಕಾಲಕ್ರಮದಲ್ಲಿ ಬುಧವಾರ ಶುಕ್ರವಾರಗಳಲ್ಲಿ ಮಧ್ಯಾಹ್ನ ಮೂರು ಗಂಟೆಯ ತನಕ ಉಪವಾಸವಿರುವುದನ್ನೂ ರೂಢಿಮಾಡಿಕೊಂಡರು. ಅವರು ಓದಿಸುತ್ತಿದ್ದ ಬಡ ಹುಡುಗಿಯೊಬ್ಬಳು ಒಮ್ಮೆ ಚಳಿಗಾಲದಲ್ಲಿ ತೆಳುವಾದ ಉಡುಪೊಂದನ್ನೇ ತೊಟ್ಟು ನಡುಗುತ್ತ ವೆಸ್ಲಿಯವರ ಕೋಣೆಗೆ ಬಂದಳು. ಕೊಡಲು ಕೈಯಿಟ್ಟರೆ ಜೇಬಿನಲ್ಲಿ ಹಣವು ಅತ್ಯಲ್ಪವಾಗಿದ್ದಿತು. ಗೋಡೆಗೆ ತೂಗುಹಾಕಿದ್ದ ಚಿತ್ರಗಳು ಕಣ್ಣಿಗೆ ಬಿದ್ದವು. ಆ ಚಿತ್ರಗಳ ಬೆಲೆಯು ಈ ಹುಡುಗಿಯ ಬೆಚ್ಚನೆಯ ಬಟ್ಟೆಯಾಗಬಹುದಿತ್ತೆಂಬ ವಿಚಾರವು ಅವರನ್ನು ಇರಿಯಿತು. ಆದಾಯವು ವರ್ಷಕ್ಕೆ ೩೦ ಪೌಂಡಾಗಿದ್ದಾಗ ೨೮ರಲ್ಲಿ ಜೀವಿಸಿ ೨ನ್ನು ದಾನಮಾಡಿದ ಮೆಥೋಡಿಸ್ಟನೊಬ್ಬನು, ಅದು ೬೦, ೯೦, ೧೨೦ ಆದಾಗಲೂ ೨೮ರಲ್ಲಿಯೇ ಜೀವಿಸಿ ಉಳಿದುದನ್ನೆಲ್ಲ ಬಡವರಿಗೆ ಕೊಟ್ಟನೆಂದು ವೆಸ್ಲಿಯವರು ಬರೆದಿದ್ದಾರೆ. ಆ ಒಬ್ಬನು ಅವರೇ ಎಂದು ಜೀವನಚರಿತ್ರಕಾರರು ತಿಳಿಯುತ್ತಾರೆ.

ಈ ಮಾರ್ಗದಲ್ಲಿ ಕಠಿನ ಪರೀಕ್ಷೆಯೂ ಬಂದಿತು. ೧೭೩೨ರಲ್ಲಿ ಗೆಳೆಯರಲ್ಲೊಬ್ಬನಾದ ವಿಲಿಯಂ ಮಾರ್ಗನ್ ತೀರಿಕೊಂಡಾಗ, ಅತಿಯಾದ ಉಪವಾಸವೇ ಆತನನ್ನು ಕೊಂದಿತೆಂಬ ಅಪವಾದವು ಹಬ್ಬಿತು. ವೆಸ್ಲಿಯವರು ಮೃತನ ತಂದೆಗೆ ದೀರ್ಘವಾದ ಪತ್ರವನ್ನು ಬರೆದು, ಆ ತರುಣನು ಉಪವಾಸವನ್ನು ಬಿಟ್ಟು ಒಂದೂವರೆ ವರ್ಷವಾಗಿತ್ತೆಂದು ವಿವರಿಸಿದರು. ೧೭೩೫ರಲ್ಲಿ ಅಮೇರಿಕದ ಜಾರ್ಜಿಯಾಕ್ಕೆ ಹಡಗನ್ನೇರಿದಾಗ ಮಾಂಸವನ್ನೂ ದ್ರಾಕ್ಷಾರಸವನ್ನೂ ತ್ಯಜಿಸಿ ಅನ್ನ, ಬಿಸ್ಕತ್ತು ಮುಂತಾದ ಸಸ್ಯಾಹಾರದಿಂದ ತೃಪ್ತರಾದರು. ಇಷ್ಟಾದರೂ ಮನಸ್ಸಿಗೆ ಶಾಂತಿ ದೊರೆಯಲಿಲ್ಲ. ೧೭೩೮ನೆಯ ಮೇ ೨೪ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರಕ್ಷಣೆಯು ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ಹೊರತು ಸ್ವಂತ ಸಾಧನೆಯಿಂದಲ್ಲವೆಂಬ ಭರವಸೆಯು ಅವರಿಗುಂಟಾಯಿತು. ಆ ಬಳಿಕ ಉಪವಾಸವನ್ನು ಬಿಡಲಿಲ್ಲ. ಅದನ್ನು ಪುಣ್ಯಸಂಪಾದನೆಯೆಂದು ಎಣಿಸುವುದನ್ನು ಮಾತ್ರ ಬಿಟ್ಟರು.

೧೭೪೬ರಲ್ಲಿ ಅವರು ತಮಗೆ ಬಹುಕಾಲದಿಂದ ಅಭ್ಯಾಸವಾಗಿದ್ದ ಚಹವನ್ನು ತೊರೆದರು. ಕೈ ನಡುಗುವುದಕ್ಕೆ ಅದೇ ಕಾರಣವೆಂದು ಅವರಿಗೆ ತೋರಿದ್ದಿತು. ಲಂಡನ್ನಿನ ಬಡವರು ಅದಕ್ಕಾಗಿ ಹಣ ಕಳೆಯುವುದನ್ನೂ ಕಂಡಿದ್ದರು. ಮೊದಲ ಮೂರು ದಿನ ತಲೆನೋವಿನಿಂದ ಬಳಲಿದರೂ ಹಿಂದೆಗೆಯಲಿಲ್ಲ. ಅದೇ ವರ್ಷ ಬಡವರಿಗಾಗಿ ಸಾಲದ ನಿಧಿಯನ್ನೂ ಧರ್ಮಾರ್ಥ ಔಷಧಾಲಯವನ್ನೂ ತೆರೆದರು. ಸುಮಾರು ಹನ್ನೆರಡು ವರ್ಷಗಳ ತರುವಾಯ ವೈದ್ಯರು ಸಲಹೆಯಿತ್ತಾಗ ಹಟಮಾಡದೆ ಮತ್ತೆ ಚಹವನ್ನು ಸೇವಿಸತೊಡಗಿದರು. ೧೭೪೮ರಲ್ಲಿ ಪ್ರಕಟವಾದ ಪ್ರಸಂಗವೊಂದರಲ್ಲಿ ಉಪವಾಸವು ದೇಹಶಕ್ತಿಗೆ ತಕ್ಕಂತಿರಬೇಕೆಂದೂ, ಪೂರ್ಣ ಉಪವಾಸವು ಆಗದವರು ರುಚಿಯಾದ ಪದಾರ್ಥಗಳನ್ನಾದರೂ ಬಿಡಬಹುದೆಂದೂ, ಅದಕ್ಕೆ ಪ್ರಾರ್ಥನೆಯೂ ದಾನವೂ ಜೊತೆಗೂಡಿರಬೇಕೆಂದೂ ಬೋಧಿಸಿದರು. ೧೭೯೧ನೆಯ ಮಾರ್ಚ್ ೨ರಂದು, ೮೭ನೆಯ ವಯಸ್ಸಿನಲ್ಲಿ, ದೈವಾಧೀನರಾದರು. ತಮ್ಮ ಶವವನ್ನು ಆರು ಮಂದಿ ಬಡವರು ಹೊರಬೇಕೆಂದೂ, ಒಬ್ಬೊಬ್ಬರಿಗೆ ೨೦ ಷಿಲ್ಲಿಂಗು ಸಲ್ಲಬೇಕೆಂದೂ ಮರಣಶಾಸನದಲ್ಲಿ ಬರೆದಿಟ್ಟಿದ್ದರು.

ಈ ಚರಿತ್ರೆಯಿಂದ ನಮ್ಮ ಸೀಮೆಯವರು ಕಲಿಯತಕ್ಕದ್ದೇನು? ಘಾಟಬೋರಾಳದಂಥ ಊರುಗಳಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂದಿನ ಊಟ. ಕೂಲಿಯವನ ಮನೆಯಲ್ಲಿ ಮಾಂಸವಿಲ್ಲದ ಊಟವು ವ್ರತವಲ್ಲ, ದಿನಚರಿ. ಅನುಕೂಲಸ್ಥರು ಮಾಂಸವನ್ನು ಬಿಟ್ಟು ಅದೇ ಹಣದಿಂದ ತುಪ್ಪದ ಭಕ್ಷ್ಯಗಳನ್ನು ಮಾಡಿ ಉಣ್ಣುವುದಾದರೆ ಆ ತ್ಯಾಗದಿಂದ ಯಾರ ಹೊಟ್ಟೆ ತುಂಬಿತು? ಹತ್ತಿರದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಸಾರಿದರು; ಹಂಚಿ ಉಣ್ಣುವ ಧರ್ಮವು ಈ ನೆಲಕ್ಕೆ ಹೊಸದಲ್ಲ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಬೆಳೆಯುವ ಹೆಣ್ಣುಮಕ್ಕಳನ್ನೂ ಗರ್ಭಿಣಿಯರನ್ನೂ ಬಾಣಂತಿಯರನ್ನೂ ವ್ರತದ ಹೆಸರಿನಲ್ಲಿ ಹಸಿವೆಗೊಡ್ಡಬೇಡಿರಿ. ಮಾಂಸ, ಮೊಟ್ಟೆಗಳನ್ನು ಬಿಟ್ಟಲ್ಲಿ ಬೇಳೆ, ಹಾಲು, ಶೇಂಗಾ, ಸೊಪ್ಪುಗಳು ತಟ್ಟೆಯಲ್ಲಿ ತಪ್ಪದಿರಲಿ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಿಗೂ ಪಾಲು ಉಳಿಯಲಿ. ಉಳಿತಾಯದ ಕಾಸುಗಳನ್ನು ಮಣ್ಣಿನ ಕುಡಿಕೆಯೊಂದರಲ್ಲಿ ಹಾಕುತ್ತ ಬಂದು, ಈಸ್ಟರ್ ಹಬ್ಬದ ದಿನ ಒಡೆದು, ಓದಲು ಆಸೆಯುಳ್ಳ ಬಡ ಹುಡುಗಿಯೊಬ್ಬಳ ಪುಸ್ತಕಕ್ಕೋ ಬಟ್ಟೆಗೋ ವಿನಿಯೋಗಿಸಿರಿ. ನಾವು ಬಿಟ್ಟ ತುತ್ತು ಆಕೆಗೆ ಸಲ್ಲುವುದಾದರೆ ನಮ್ಮ ಲೆಂಟು ಸಾರ್ಥಕವಾದೀತು.