ಹಡಗು, ವಿಮಾನ, ಮೋಟಾರು: ಸೊಲ್ಲಾಪುರದ ವಾಲಚಂದ ಶೇಠರು

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಬಂಡವಾಳ ಅಂದ್ರೆ ಬ್ಯಾಲೆನ್ಸ್ ಶೀಟಿನ ಎಡಗಡೆ ಬರೆಯುವ ಒಂದು ಅಂಕಿ, ಅಷ್ಟೇ. ಆ ಅಂಕಿಯ ಹಿಂದೆ ಸರಕಾರದ ಮರ್ಜಿ, ಹೊಸ ಯಂತ್ರದ ಆಸೆ, ಜನರ ಅಭಿಮಾನ ಇವೆಲ್ಲ ಹೇಗೆ ಹೆಣೆದುಕೊಂಡಿರುತ್ತವೆ ಎಂಬುದು ಪರೀಕ್ಷೆಗೆ ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಬ್ಬ ಮನುಷ್ಯನ ಬದುಕನ್ನೇ ನೋಡಬೇಕು. ನಾನು ಆರಿಸಿಕೊಂಡದ್ದು ವಾಲಚಂದ ಹಿರಾಚಂದ ದೋಶಿಯವರನ್ನು. ಅವರು ಸೊಲ್ಲಾಪುರದವರು. ನಾನು ಅಕ್ಕಲಕೋಟೆ ಕಡೆಯವನು, ಹತ್ತನೆಯವರೆಗೆ ಕನ್ನಡದಲ್ಲೇ ಕಲಿತವನು. ನಮ್ಮ ಕಡೆಯವರಿಗೆ ಬಟ್ಟೆಗೆ, ದವಾಖಾನೆಗೆ, ಕೋರ್ಟಿಗೆ ಎಲ್ಲಕ್ಕೂ ಸೊಲ್ಲಾಪುರವೇ. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುವ ಆ ಊರಿನಿಂದ ಹೊರಟವರು ಹಡಗು ಕಟ್ಟಿದರು ಅಂದ್ರೆ ಯಾರಿಗೆ ಕುತೂಹಲವಾಗುವುದಿಲ್ಲ? ಆ ಊರಿಗೆ ಸಮುದ್ರವೇ ಇಲ್ಲ!

ವಾಲಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಗುಜರಾತಿ ಜೈನ ಮನೆತನದಲ್ಲಿ. ಮನೆಯ ಕಸುಬು ಹತ್ತಿ ವ್ಯಾಪಾರ ಮತ್ತು ಲೇವಾದೇವಿ. ಮುಂಬಯಿಯ ಸೇಂಟ್ ಝೇವಿಯರ್ಸ್, ಪುಣೆಯ ಡೆಕ್ಕನ್ ಕಾಲೇಜು ಎರಡನ್ನೂ ನೋಡಿದರು, ಆದರೆ ಓದು ಪೂರ್ತಿಯಾಗಲಿಲ್ಲ. ಗಾದಿಯ ಮೇಲೆ ಕೂತು ಬಡ್ಡಿ ಎಣಿಸುವುದು ಅವರಿಗೆ ಒಗ್ಗಲಿಲ್ಲ. ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ ಫಾಟಕ್ ಅವರೊಡನೆ ಪಾಲುಗಾರಿಕೆ ಮಾಡಿಕೊಂಡು ರೈಲು ಹಳಿಯ ಗುತ್ತಿಗೆ ಹಿಡಿದರು. ಬಾರ್ಸಿ ಲೈಟ್ ರೈಲ್ವೆಯ ಚಿಕ್ಕ ಹಳಿಯಿಂದ ಶುರುವಾದ ಕೆಲಸ ಮುಂದೆ ಭೋರ್ ಘಾಟಿನ ಸುರಂಗಗಳವರೆಗೆ, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆಗಳವರೆಗೆ ಬೆಳೆಯಿತು.

ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ದೊಡ್ಡ ಗುತ್ತಿಗೆದಾರರಾಗಿ ಉಳಿಯುತ್ತಿದ್ದರು. 1919ರಲ್ಲಿ ಗ್ವಾಲಿಯರ್ ಮಹಾರಾಜರ ಹಡಗೊಂದು ಮಾರಾಟಕ್ಕಿತ್ತು. ಹೆಸರು 'ಲಾಯಲ್ಟಿ', ಅಂದ್ರೆ ನಿಷ್ಠೆ. ನರೋತ್ತಮ ಮೊರಾರಜಿ ಮೊದಲಾದವರೊಡನೆ ಸೇರಿ ಅದನ್ನು ಕೊಂಡು 'ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ' ಸ್ಥಾಪಿಸಿದರು. ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದೇ ದಿನವನ್ನು ಈಗ ರಾಷ್ಟ್ರೀಯ ಸಾಗರಯಾನ ದಿನವೆಂದು ಆಚರಿಸುತ್ತಾರೆ. ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿದ್ದ ಸಮುದ್ರಕ್ಕೆ 'ನಿಷ್ಠೆ' ಎಂಬ ಹೆಸರಿನ ಹಡಗೇ ಎದುರಾಳಿಯಾಗಿ ಇಳಿದದ್ದು ಒಂದು ತಮಾಷೆಯೇ ಸರಿ.

ಇಲ್ಲಿ ನಾವು ಕಾಮರ್ಸಿನವರು ಸ್ವಲ್ಪ ನಿಂತು ನೋಡಬೇಕು. ಹಡಗಿನ ಬಾಡಿಗೆ ಯಾರ ಕೈಯಲ್ಲಿರುತ್ತದೋ ವ್ಯಾಪಾರದ ಜುಟ್ಟೂ ಅವರ ಕೈಯಲ್ಲೇ. ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿ ಬಾಡಿಗೆಯನ್ನು ಇಳಿಸುತ್ತ ಹೋಯಿತು. ಖಜಾನೆ ತುಂಬಿದ್ದವರಿಗೆ ನಷ್ಟ ತಡೆಯುವ ಶಕ್ತಿ ಇರುತ್ತದೆ, ಹೊಸಬರಿಗೆ ಎಲ್ಲಿಂದ ಬರಬೇಕು? ಇನ್ನೊಂದು ಉಪಾಯವೂ ಆಗ ಬಳಕೆಯಲ್ಲಿತ್ತು. ವ್ಯಾಪಾರಿ ತನ್ನ ಸರಕನ್ನೆಲ್ಲ ಒಂದೇ ಕಂಪನಿಗೆ ಕೊಟ್ಟರೆ ಬಾಡಿಗೆಯಲ್ಲಿ ಒಂದಿಷ್ಟು ಹಣ ಕೆಲವು ತಿಂಗಳ ಮೇಲೆ ವಾಪಸು ಸಿಗುತ್ತಿತ್ತು. ನಡುವೆ ಬೇರೆಯವರ ಹಡಗಿಗೆ ಸರಕು ಕೊಟ್ಟನೋ, ಬರಬೇಕಾದ ಹಣ ಹೋಯಿತು! ಕಾನೂನಿನಲ್ಲಿ ಯಾವ ತಪ್ಪೂ ಇಲ್ಲ, ಆದರೆ ಕುತ್ತಿಗೆಗೆ ಹಗ್ಗ ಮಾತ್ರ ಬಿಗಿಯಾಗಿಯೇ ಇರುತ್ತಿತ್ತು. ಕೊನೆಗೆ 1923ರಲ್ಲಿ ಸಿಂಧಿಯಾ ಕಂಪನಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಹತ್ತು ವರ್ಷ ಅದರ ಹಡಗುಗಳು 75,000 ಟನ್ ದಾಟುವಂತಿರಲಿಲ್ಲ. ಜೀವ ಉಳಿಯಿತು, ರೆಕ್ಕೆ ಕತ್ತರಿಸಿತು. ಕರಾವಳಿಯ ಸಾಗಾಣಿಕೆ ಭಾರತೀಯ ಹಡಗುಗಳಿಗೇ ಇರಲಿ ಎಂಬ ಮಸೂದೆಯನ್ನು 1928ರಲ್ಲಿ ಎಸ್. ಎನ್. ಹಾಜಿಯವರು ಶಾಸನಸಭೆಗೆ ತಂದರು. ಅದೂ ಕಾನೂನಾಗಲಿಲ್ಲ. ರಾಜಕೀಯ ಅಧಿಕಾರವಿಲ್ಲದ ಬಂಡವಾಳ ಎಷ್ಟು ಬಡವಾದದ್ದು ಎಂಬುದು ವಾಲಚಂದರಿಗೆ ಅರ್ಥವಾದದ್ದು ಈ ಸಮುದ್ರದಲ್ಲೇ ಎಂದು ನನಗನಿಸುತ್ತದೆ.

ಮುಂದಿನ ಕಥೆ ನಮ್ಮ ಬೆಂಗಳೂರಿನದು. 1939ರಲ್ಲಿ ವಿಮಾನ ಪ್ರಯಾಣದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಭೇಟಿಯಾಯಿತು. ಚೀನದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು ಅವರು. ಚೀನದಲ್ಲಿ ಆಗುವುದು ನಮ್ಮಲ್ಲಿ ಯಾಕಾಗಬಾರದು? ಜಾಗಕ್ಕಾಗಿ ಹುಡುಕಿದಾಗ ಮೈಸೂರು ಸಂಸ್ಥಾನದ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರು ಜಮೀನನ್ನೂ ಸಂಸ್ಥಾನದ ಹಣವನ್ನೂ ಕೊಡಲು ಮುಂದೆ ಬಂದರು. 1940ರ ಡಿಸೆಂಬರ್ 23ರಂದು 'ಹಿಂದುಸ್ತಾನ್ ಏರ್‌ಕ್ರಾಫ್ಟ್' ಕಂಪನಿ ಹುಟ್ಟಿತು. 1941ರಲ್ಲೇ ಅಲ್ಲಿ ಜೋಡಿಸಿದ ತರಬೇತಿ ವಿಮಾನ ಹಾರಿತು. ಆದರೆ ಯುದ್ಧ ಹತ್ತಿರ ಬಂದಂತೆ ಭಾರತ ಸರಕಾರ 1942ರ ಏಪ್ರಿಲಿನಲ್ಲಿ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಕಟ್ಟಿದವರು ಎರಡು ವರ್ಷವೂ ಯಜಮಾನರಾಗಿ ಉಳಿಯಲಿಲ್ಲ. ಅದೇ ಕಾರ್ಖಾನೆ 1964ರಲ್ಲಿ ಎಚ್.ಎ.ಎಲ್. ಆಯಿತು. ಮುಂದೆ ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರ ಪಗಾರದಿಂದ.

ವಿಶಾಖಪಟ್ಟಣದಲ್ಲೂ ಹಾಗೆಯೇ. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಹಡಗುಕಟ್ಟೆಗೆ ಅಸ್ತಿವಾರ ಹಾಕಿದರು. ಮರುವರ್ಷ ಏಪ್ರಿಲಿನಲ್ಲಿ ಜಪಾನಿನ ಬಾಂಬು ಆ ಊರಿನ ಮೇಲೆ ಬಿತ್ತು. ಆದರೂ 1948ರ ಮಾರ್ಚ್ 14ರಂದು 'ಜಲ ಉಷಾ' ಹಡಗನ್ನು ನೆಹರೂ ಅವರು ನೀರಿಗಿಳಿಸಿದರು. 1952ರಲ್ಲಿ ಈ ಹಡಗುಕಟ್ಟೆಯ ಹೆಚ್ಚಿನ ಪಾಲೂ ಸರಕಾರದ್ದಾಯಿತು. ಮೋಟಾರು ಕಾರ್ಖಾನೆಯ ಕನಸು ಇನ್ನೂ ಹಳೆಯದು. ಅದರ ಯೋಜನೆ ಮಾಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಇದ್ದರು. 1944ರಲ್ಲಿ 'ಪ್ರೀಮಿಯರ್ ಆಟೋಮೊಬೈಲ್ಸ್' ಸ್ಥಾಪನೆಯಾಗಿ, ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ಕಾರುಗಳು ಹೊರಬಂದವು. ಪದ್ಮಿನಿ ಟ್ಯಾಕ್ಸಿ ಆ ಕಂಪನಿಯದೇ.

ಇಷ್ಟು ಹೇಳಿ ಹೂಮಾಲೆ ಹಾಕಿ ಮುಗಿಸಿದರೆ ಅದು ಚರಿತ್ರೆಯಾಗುವುದಿಲ್ಲ. ಯುದ್ಧಕ್ಕೆ ಸಹಕರಿಸುವುದಿಲ್ಲವೆಂದು ಕಾಂಗ್ರೆಸ್ಸಿನವರು ಮಂತ್ರಿಪದವಿ ಬಿಟ್ಟರು, ಜೈಲಿಗೆ ಹೋದರು. ಅದೇ ಯುದ್ಧದ ಬೇಡಿಕೆಯನ್ನು ನೆಚ್ಚಿಕೊಂಡು ವಾಲಚಂದರು ಕಾರ್ಖಾನೆ ಕಟ್ಟಿದರು. ಇದು ದೇಶಭಕ್ತಿಯೋ, ಲಾಭದ ಲೆಕ್ಕವೋ? ನಮ್ಮ ಹಾಸ್ಟೆಲಿನಲ್ಲಿ ಈ ಬಗ್ಗೆ ಒಂದು ರಾತ್ರಿಯಿಡೀ ವಾದವಾಯಿತು. ಲಾಭವಿಲ್ಲದೆ ಶೇಠಜಿ ಕೈ ಹಾಕ್ತಾರೇನಪ್ಪಾ ಅಂತ ಒಬ್ಬ, ಲಾಭ ಮಾತ್ರ ಬೇಕಿದ್ರೆ ಲೇವಾದೇವಿಯೇ ಸಾಕಿತ್ತಲ್ಲಾ ಅಂತ ಇನ್ನೊಬ್ಬ. ನನ್ನ ಮಟ್ಟಿಗೆ ಎರಡೂ ನಿಜ. ಅವರು ಲಾಭ ಬಯಸಿದರು. ಆದರೆ ಸುಲಭದ ಲಾಭ ಬಯಸಲಿಲ್ಲ. ದೇಶ ಕಲಿಯಬೇಕಾದ ಕಸುಬಿನಲ್ಲೇ ಹಣ ಹಾಕಿದರು. ಅದರ ಬೆಲೆಯನ್ನೂ ತೆತ್ತರು.

1949ರಲ್ಲಿ ಆರೋಗ್ಯ ಕೆಟ್ಟಿತು. ಮರುವರ್ಷ ವ್ಯವಹಾರದಿಂದ ನಿವೃತ್ತರಾದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆದರೆ ವಿಮಾನದ ಕೆಲಸ ಕಲಿತ ಕೈಗಳು ಬೆಂಗಳೂರಿನಲ್ಲಿ, ಹಡಗಿನ ಕೆಲಸ ಕಲಿತ ಕೈಗಳು ವಿಶಾಖಪಟ್ಟಣದಲ್ಲಿ ಉಳಿದವು. ಮಾಲೀಕತ್ವ ಬದಲಾಗುತ್ತದೆ, ಕಲಿತ ವಿದ್ಯೆ ನಿಲ್ಲುತ್ತದೆ. ಇದನ್ನು ಯಾವ ಖಾತೆಗೆ ಜಮಾ ಮಾಡಬೇಕು? ಮಿತ್ರರೇ, ಮುಂದೆ ನಾವು ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ನೋಡುವವರು. ಆಗಲೂ ಈ ಪ್ರಶ್ನೆ ನೆನಪಿರಲಿ.